ಗುಡಿ ಮುಂದೆ ಶೂ ಬಿಚ್ಚುವ ಕಷ್ಟ

ನಮ್ಮ ಹಿತ್ತಲಿನ ಹೀರೇಬಳ್ಳಿಯನ್ನು ಚಪ್ಪರದ ಕೋಲಿಗೆ ಗಿಣಿಹಸಿರು ಬಣ್ಣದ ಶೂ ಲೇಸಿನಿಂದ ಕಟ್ಟಲಾಗಿದೆ. ಕಟ್ಟಿದವರು ನಮ್ಮತ್ತೆ. ಹೊಸ ಶೂ ತಂದಾಗ ಡಬ್ಬದೊಳಗೆ ಹೆಚ್ಚಿಗೆ ಒಂದು ಜೊತೆ ಲೇಸು ಬಂದಿತ್ತು. ನಾನು ಅದನ್ನು ಎಲ್ಲೋ ಇಟ್ಟು ಮರೆತಿದ್ದೆ, ಅತ್ತೆ ಮರೆತಿರಲಿಲ್ಲ. ಮೊನ್ನೆ ಹೀರೇಕಾಯಿ ಕೀಳಲು ಹೋದವಳಿಗೆ ಆ ಲೇಸು ಕಣ್ಣಿಗೆ ಬಿತ್ತು. ಕಾಯಿ ಕೀಳುವುದು ಬಿಟ್ಟು ಒಬ್ಬಳೇ ನಗುತ್ತಾ ನಿಂತುಬಿಟ್ಟೆ. ನನ್ನ ಯಜಮಾನರು ಅಡುಗೆಮನೆ ಕಿಟಕಿಯಿಂದ ಇಣುಕಿ, "ಹೀರೇಕಾಯಿ ಏನಾದ್ರೂ ಜೋಕ್ ಹೇಳ್ತಾ?" ಎಂದು ಕೇಳಿದರು.

ಜೋಕು ಹೀರೇಕಾಯಿಯದಲ್ಲ, ನನ್ನದೇ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಗಸು, ನಲವತ್ತೇಳನೇ ವಯಸ್ಸಿನಲ್ಲಿ, ಎರಡು ಮಂಡಿಯಲ್ಲೂ ಕಟಕಟ ಸದ್ದು ಇಟ್ಟುಕೊಂಡು, ಓಡುವುದನ್ನು ಕಲಿಯಲು ಹೊರಟ ಸಮಾಚಾರ ಅದು. ಓಡುವುದನ್ನು ಯಾರಾದರೂ ಕಲಿಯುತ್ತಾರಾ ಎಂದು ನೀವು ಕೇಳಬಹುದು. ಬಸ್ಸು ಹೊರಟರೆ ತಾನಾಗಿಯೇ ಬರುತ್ತದೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಕೆಟ್ಟಿದ್ದೂ ಒಂದು ಬಸ್ಸಿನಿಂದಲೇ.

ನಮ್ಮದು ದೊಡ್ಡಬೆಳವಂಗಲದಿಂದ ಒಳಕ್ಕೆ ತಿರುಗಿ ಬರಬೇಕಾದ ಊರು. ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂದು ಡ್ರೈವರನಿಗೂ ಗೊತ್ತಿರುವುದಿಲ್ಲ. ಒಂದು ದಿನ ಬಸ್ಸು ಹೊರಟಿತ್ತು, ನಾನು ಕೈ ಬೀಸಿಕೊಂಡು ಒಂದಿಪ್ಪತ್ತು ಹೆಜ್ಜೆ ಓಡಿ ಹತ್ತಿದೆ. ಹತ್ತಿದ್ದೇನೋ ಸರಿ, ಶಾಲೆ ತಲುಪಿ ಪ್ರಾರ್ಥನೆ ಮುಗಿಯುವವರೆಗೂ ನನ್ನ ಉಸಿರು ನನ್ನ ಹತ್ತಿರ ವಾಪಸು ಬರಲಿಲ್ಲ. ನಮ್ಮ ಪಿ.ಟಿ. ಮೇಷ್ಟ್ರು ರಂಗಪ್ಪನವರು ಹತ್ತಿರ ಬಂದು ಒಂದು ನಿಮಿಷ ನನ್ನ ಮುಖವನ್ನೇ ನೋಡಿದರು.

"ಮೇಡಂ, ನಿಮ್ ಉಸಿರು ಮಕ್ಕಳನ್ನ ಬೈಯೋಕೆ ಮಾತ್ರ ಸಾಕಾಗುತ್ತೆ ಅನ್ಸುತ್ತೆ. ನಾಳೆಯಿಂದ ಓಡೋಕೆ ಶುರು ಮಾಡಿ."

"ಓಡಿದ್ದಕ್ಕೇ ಹಿಂಗಾಗಿರೋದು ಮೇಷ್ಟ್ರೇ."

"ಓಡದೇ ಇದ್ದಿದ್ದಕ್ಕೆ ಹಿಂಗಾಗಿರೋದು," ಅಂದರು. ಅವರ ಲೆಕ್ಕ ಬಲು ಸರಳ. ಒಂದು ಕರೆಂಟು ಕಂಬದಿಂದ ಇನ್ನೊಂದು ಕಂಬದವರೆಗೆ ಓಡುವುದು, ಮುಂದಿನ ಕಂಬದವರೆಗೆ ನಡೆಯುವುದು. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗುವಂತಿರಬೇಕು. ಮಾತು ನಿಂತುಹೋದರೆ ವೇಗ ಹೆಚ್ಚಾಯಿತು ಎಂದರ್ಥ. "ನಿಮಗೆ ಮಾತು ನಿಲ್ಲೋ ಭಯ ಏನಿಲ್ಲ ಬಿಡಿ," ಎಂದೂ ಸೇರಿಸಿದರು.

ಹಳ್ಳಿಯಲ್ಲಿ ಹೆಂಗಸು ಓಡಿದರೆ ಅದಕ್ಕೊಂದು ಕಾರಣ ಇರಲೇಬೇಕು. ಹಸು ಹಗ್ಗ ಕಿತ್ತುಕೊಂಡಿರಬೇಕು, ಇಲ್ಲವೇ ಯಾರಿಗೋ ಹಾವು ಕಚ್ಚಿರಬೇಕು. ನಾನು ಮೊದಲ ದಿನ ಬೆಳಿಗ್ಗೆ ಆರಕ್ಕೆ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಕೆರೆ ಏರಿಯ ಮೇಲೆ ಮೂರನೇ ಕಂಬದ ಕಡೆ ಓಡುತ್ತಿದ್ದಾಗ, ತೋಟಕ್ಕೆ ನೀರು ಕಟ್ಟಲು ಹೊರಟಿದ್ದ ಹಿರಿಯರೊಬ್ಬರು ಸನಿಕೆ ಎತ್ತಿ ಹಿಡಿದುಕೊಂಡು ನನ್ನ ಹಿಂದೆ ನೋಡತೊಡಗಿದರು.

"ಎಲ್ಲವ್ವಾ ಚಿರತೆ?"

"ಚಿರತೆ ಇಲ್ಲ ಅಣ್ಣಾ, ಆರೋಗ್ಯಕ್ಕೆ ಓಡ್ತಿದೀನಿ."

"ಯಾರ್ ಆರೋಗ್ಯಕ್ಕೆ? ಆಸ್ಪತ್ರೆಗೆ ಸೇರ್ಸವ್ರಾ?"

ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುತ್ತಿದ್ದವನು ಬೈಕು ನಿಲ್ಲಿಸಿ ಹಿಂದಿನ ಸೀಟು ಒರೆಸಿ, "ಹತ್ತಿ ಮಿಸ್, ಎಲ್ಲಿಗೆ ಬಿಡ್ಲಿ?" ಎಂದ. ಇದೆಲ್ಲ ಒಂದು ವಾರ ನಡೆಯಿತು. ಆಮೇಲೆ ಊರಿಗೆ ಅಭ್ಯಾಸವಾಯಿತು. ಮೇಡಮ್ಮನಿಗೆ ಡಾಕ್ಟರು ಏನೋ ಹೇಳಿದ್ದಾರೆ ಎಂದು ಊರೇ ಒಂದು ತೀರ್ಮಾನಕ್ಕೆ ಬಂತು. ನಾನೂ ಅಲ್ಲ ಅನ್ನಲಿಲ್ಲ, ಇಲ್ಲದ ಕಾಯಿಲೆಯಿಂದ ಎಷ್ಟೋ ಅನುಕೂಲವಿದೆ.

ಊರಿನ ಪ್ರಶ್ನೆಗಳು ಮುಗಿದರೂ ಒಂದು ಕಷ್ಟ ಮಾತ್ರ ಮುಗಿಯಲಿಲ್ಲ. ಅದು ಮಾರಮ್ಮನ ಗುಡಿ.

ನಮ್ಮ ಮನೆಯಿಂದ ಕೆರೆ ಏರಿಗೆ ಹೋಗುವ ದಾರಿಯಲ್ಲಿ, ಏರಿ ಶುರುವಾಗುವ ಕಡೆ, ಬೇವಿನ ಮರದ ಕೆಳಗೆ ಮಾರಮ್ಮನ ಪುಟ್ಟ ಗುಡಿ ಇದೆ. ಅದರ ಮುಂದೆ ಯಾರೂ ಕಾಲಿಗೆ ಹಾಕಿಕೊಂಡು ನಡೆಯುವುದಿಲ್ಲ. ಹತ್ತು ಹೆಜ್ಜೆ ಮೊದಲೇ ಚಪ್ಪಲಿ ಬಿಟ್ಟು, ಕೈಯಲ್ಲಿ ಹಿಡಿದುಕೊಂಡು, ಗುಡಿ ದಾಟಿ, ಆಚೆ ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಮೆಟ್ಟಿಕೊಳ್ಳಬೇಕು. ಬೈಕಿನವರಿಗೂ ಟ್ರಾಕ್ಟರಿನವರಿಗೂ ಈ ನಿಯಮವಿಲ್ಲ. ಅವರು ಹಾರನ್ನು ಒಂದು ಸಲ ಒತ್ತಿ, ಬಲಗೈಯನ್ನು ಎದೆಗೆ ಮುಟ್ಟಿಸಿ ಹೋಗುತ್ತಾರೆ.

ಈ ನಿಯಮವನ್ನು ನಾನು ಕಲಿತದ್ದು ಮದುವೆಯಾಗಿ ಬಂದ ದಿನವೇ. ಇಪ್ಪತ್ನಾಲ್ಕು ವರ್ಷದ ಹಿಂದೆ, ನನ್ನ ಕಾಲಲ್ಲಿ ಆಗ ತಾನೇ ಬಂದಿದ್ದ ಫ್ಯಾಷನ್ನಿನ ಸ್ಯಾಂಡಲ್ಸು, ಹಿಮ್ಮಡಿಯ ಹತ್ತಿರ ಎಳ್ಳಿನಷ್ಟು ಬಕಲ್ಲು. ದಿಬ್ಬಣ ಗುಡಿಯ ಹತ್ತಿರ ಬಂದಾಗ ಅತ್ತೆ ಎಲ್ಲರನ್ನೂ ನಿಲ್ಲಿಸಿ, "ಕಾಲಲ್ಲಿರೋದು ತೆಗಿಯಮ್ಮಿ," ಅಂದರು. ರೇಷ್ಮೆ ಸೀರೆ, ಕತ್ತಿನಲ್ಲಿ ಎರಡು ಹಾರ, ತಲೆಗೆ ಕಟ್ಟಿದ ಬಾಸಿಂಗ. ಬಗ್ಗಿದರೆ ಏನಾದರೊಂದು ಉದುರುತ್ತದೆ. ವಾಲಗದವರು ಊದಿದ್ದನ್ನೇ ಎರಡು ಸಲ ಊದಿದರು. ಕೊನೆಗೆ ನನ್ನ ಯಜಮಾನರು ಕೂತು ಬಕಲ್ಲು ಬಿಚ್ಚಿದರು. ಮದುವೆಯ ದಿನವೇ ಹೆಂಡತಿಯ ಕಾಲು ಹಿಡಿದ ಎಂದು ಅವರ ಸ್ನೇಹಿತರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅಂದಿನಿಂದ ನಾನು ಸುಮ್ಮನೆ ಕಾಲು ತೂರಿಸುವ ಚಪ್ಪಲಿಯನ್ನೇ ಕೊಂಡುಕೊಂಡು ಬಂದೆ.

ಬೇರೆ ದಾರಿ ಇಲ್ಲವೇ ಎಂದು ನೀವು ಕೇಳುವುದಕ್ಕೆ ಮೊದಲೇ ಹೇಳುತ್ತೇನೆ. ಇದೆ, ಟಾರು ರೋಡು. ಅಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳೂ ಕೋಳಿ ಫಾರಮ್ಮಿನ ನಾಲ್ಕು ನಾಯಿಗಳೂ ಇವೆ. ನಾಯಿಗಳ ಜೊತೆ ಒಂದು ದಿನ ಓಡಿದ್ದೇನೆ. ಅವತ್ತು ಓಡಿದಷ್ಟು ಜೋರಾಗಿ ಮತ್ತೆಂದೂ ಓಡಿಲ್ಲ, ಮಾತಂತೂ ಬರಲೇ ಇಲ್ಲ. ಗುಡಿಯ ಹಿಂದಿನಿಂದ ಸುತ್ತಿ ಹೋಗೋಣವೆಂದರೆ ದ್ರಾಕ್ಷಿ ತೋಟದ ಮುಳ್ಳುತಂತಿ ಬೇಲಿ.

ಈಗ ನನ್ನ ಆಸೆ ಏನಿತ್ತು ಎಂದು ಹೇಳಬೇಕು. ಮನೆ ಬಾಗಿಲಿನಿಂದ ಹೊರಟು, ಏರಿಯ ಆ ತುದಿಯ ಕೋಡಿ ಮುಟ್ಟಿ, ವಾಪಸು ಮನೆ ಬಾಗಿಲಿಗೆ ಬರುವವರೆಗೆ ಒಂದು ಸಲವೂ ನಿಲ್ಲದೆ ಓಡಬೇಕು. ಅಷ್ಟೇ. ಪದಕ ಬೇಡ, ತೂಕ ಇಳಿದರೆ ಇಳಿಯಲಿ, ಬಿಟ್ಟರೆ ಬಿಡಲಿ. ನಗಬೇಡಿ. ಮಧ್ಯೆ ಎದ್ದು ಹೋಗದೆ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮಾಡಿದ ನೆನಪು ನನಗಿಲ್ಲ. ಪೇಪರು ಹಿಡಿದರೆ ಎರಡನೇ ಪುಟಕ್ಕೆ ಕುಕ್ಕರು ಕೂಗುತ್ತದೆ. ಊಟಕ್ಕೆ ಕೂತರೆ ಮುದ್ದೆ ಮುರಿಯುವಷ್ಟರಲ್ಲಿ ಯಾರಿಗೋ ಸಾರು ಬೇಕಾಗುತ್ತದೆ. ಮಗಳು ಹುಟ್ಟುವಾಗಲೂ, ನೋವಿನ ಮಧ್ಯೆ ಒಬ್ಬ ನರ್ಸು ಬಂದು ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮನೆಯಿಂದ ಫೋನು ಬಂದಿದೆ ಅಂದಿದ್ದಳು. ಇವರೆಲ್ಲ ಕೆಟ್ಟವರು ಅಂತಲ್ಲ. ಕರೆದರೆ ನಾನು ಓಗೊಡುತ್ತೇನೆ ಎಂದು ಗೊತ್ತಿರುವುದರಿಂದ ಕರೆಯುತ್ತಾರೆ. ಅದು ನನಗೂ ಇಷ್ಟವೇ. ಆದರೂ ದಿನಕ್ಕೊಂದು ಅರ್ಧ ಗಂಟೆ ಕಡಿಯದೆ ಸಿಕ್ಕರೆ ಹೇಗಿರುತ್ತದೆ ಎಂದು ನೋಡುವ ಆಸೆ ನನ್ನನ್ನು ಬಲವಾಗಿ ಹಿಡಿದುಕೊಂಡಿತ್ತು.

ಮೊದಲು ನಾನು ಓಡಿದ್ದು ಮಗಳ ಹಳೆಯ ಬಿಳಿ ಕ್ಯಾನ್ವಾಸಿನಲ್ಲಿ. ಅವಳು ಈಗ ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ, ಅವಳ ಏಳನೇ ಕ್ಲಾಸಿನ ಶೂ ನಮ್ಮ ಅಟ್ಟದಲ್ಲಿತ್ತು. ನಾನು ಅದನ್ನು ಕೊಡವಿ ಕೆಳಗಿಳಿಸಿದಾಗ ಯಜಮಾನರು, "ರಾಜಘಟ್ಟದಲ್ಲಿ ನೆಲ ಅಗೆದು ಹಳೇ ಇಟ್ಟಿಗೆ ತೆಗೆದ್ರಲ್ಲ, ಅವರನ್ನ ಕರೆಸಿ ತೋರಿಸು. ಯಾವ ಕಾಲದ್ದು ಅಂತ ಹೇಳ್ತಾರೆ," ಅಂದರು. ಎರಡೇ ವಾರಕ್ಕೆ ನನ್ನ ಹೆಬ್ಬೆರಳಿನ ಉಗುರು ಬದನೆಕಾಯಿ ಬಣ್ಣಕ್ಕೆ ತಿರುಗಿತು. ರಂಗಪ್ಪ ಮೇಷ್ಟ್ರು ಶೂ ಕೈಗೆತ್ತಿಕೊಂಡು ಬಗ್ಗಿಸಿ ನೋಡಿ, "ಇದು ಓಡೋ ಶೂ ಅಲ್ಲ ಮೇಡಂ, ಪ್ರಾರ್ಥನೆಗೆ ನಿಲ್ಲೋ ಶೂ," ಎಂದು ತೀರ್ಪು ಕೊಟ್ಟರು.

ಚಪ್ಪಲಿಯ ಅಳತೆ ಎಂದಕೂಡಲೇ ನನಗೆ ನಮ್ಮಪ್ಪ ನೆನಪಾಗುತ್ತಾರೆ. ನನ್ನ ತವರು ದೇವನಹಳ್ಳಿ ಕಡೆ. ನಾವು ಮೂವರು ಮಕ್ಕಳು. ಮೂವರನ್ನೂ ಸಂತೆಗೆ ಕರೆದುಕೊಂಡು ಹೋದರೆ ಚಪ್ಪಲಿಗಿಂತ ಮೊದಲು ಬೆಂಡು ಬತ್ತಾಸು ಕೊಡಿಸಬೇಕಾಗುತ್ತದೆ ಎಂದು ಅಪ್ಪ ಒಬ್ಬರೇ ಹೋಗುತ್ತಿದ್ದರು. ಹೋಗುವ ಮೊದಲು ನಮ್ಮನ್ನು ಸಾಲಾಗಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತೆಂಗಿನ ಪೊರಕೆಯ ಕಡ್ಡಿಯನ್ನು ಕಾಲಿನ ಪಕ್ಕ ಇಟ್ಟು, ಹೆಬ್ಬೆರಳಿನಾಚೆಗೆ ಇನ್ನೊಂದು ಬೆರಳಿನಷ್ಟು ಸೇರಿಸಿ ಮುರಿಯುತ್ತಿದ್ದರು. "ಬೆಳೆಯೋ ಕಾಲು" ಅನ್ನುವುದು ಅವರ ಸಮಜಾಯಿಷಿ. ಮೂರು ಕಡ್ಡಿಗಳು ಅಂಗಿಯ ಜೇಬಿನಲ್ಲಿ ಸಂತೆಗೆ ಹೋಗುತ್ತಿದ್ದವು. ಒಂದು ಸಲ ನನಗೆ ತಂದ ಚಪ್ಪಲಿಯೊಳಗೆ ನನ್ನ ಕಾಲು ಹೋಗಲೇ ಇಲ್ಲ. ಅಳತೆ ತಪ್ಪಿದ್ದು ಹೇಗೆ ಎಂದು ಮನೆಯಲ್ಲಿ ದೊಡ್ಡ ವಿಚಾರಣೆ ನಡೆಯಿತು. ಕೊನೆಗೆ ಅಪ್ಪ, ಸಂತೆಯಲ್ಲಿ ಕಡಲೆಕಾಯಿ ತಿಂದ ಮೇಲೆ ಹಲ್ಲಿನ ಸಂದಿಗೆ ಯಾವುದೋ ಒಂದು ಕಡ್ಡಿ ಹಾಕಿದ್ದು ನಿಜ, ತುದಿ ಮುರಿದದ್ದೂ ನಿಜ ಎಂದು ಒಪ್ಪಿಕೊಂಡರು. ಆ ಚಪ್ಪಲಿ ತಂಗಿಯ ಪಾಲಾಯಿತು.

ಅದೊಂದನ್ನು ಬಿಟ್ಟರೆ ನಮ್ಮ ಚಪ್ಪಲಿಗಳೆಲ್ಲ ಒಂದು ಬೆರಳು ದೊಡ್ಡವೇ. ನಡೆದರೆ ಪಟಪಟ ಎಂದು ಹಿಮ್ಮಡಿಗೆ ಹೊಡೆಯುತ್ತಿದ್ದವು. ಓಡಬೇಕಾದರೆ ಮೊದಲು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಳ್ಳಬೇಕು. ಚಕ್ಕೋತ ಹಣ್ಣನ್ನೇ ಚೆಂಡು ಮಾಡಿಕೊಂಡು ಕಣದ ತುಂಬ ಓಡುತ್ತಿದ್ದಾಗ ನಮ್ಮೆಲ್ಲರ ಕೈಯಲ್ಲೂ ಚಪ್ಪಲಿ. ಓಡುವುದಕ್ಕೆಂದೇ ಕಾಲಿಗೆ ಏನನ್ನಾದರೂ ಹಾಕಿಕೊಳ್ಳುತ್ತಾರೆ ಎನ್ನುವುದು ನನಗೆ ನಲವತ್ತೇಳು ವರ್ಷಕ್ಕೆ ತಿಳಿದ ಹೊಸ ವಿಷಯ.

ಶೂ ಕೊಳ್ಳಲು ಯಲಹಂಕದ ಕಡೆಯ ಒಂದು ಅಂಗಡಿಗೆ ಬೈಕಿನಲ್ಲಿ ಹೋದೆವು. ಅಂಗಡಿಯಲ್ಲಿದ್ದ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು. ತಾನೂ ಓಡುವವಳೆಂದು ಅವಳ ಕಾಲು ನೋಡಿದರೇ ಗೊತ್ತಾಗುತ್ತಿತ್ತು. ನಾನು ಸೀರೆಯಲ್ಲಿದ್ದೆ. ಅವಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ನನ್ನನ್ನು ಬರಿಗಾಲಲ್ಲಿ ಅತ್ತಿಂದಿತ್ತ ನಡೆಸಿ, ಪಾದ ಒಳಕ್ಕೆ ವಾಲುತ್ತದೋ ಹೊರಕ್ಕೆ ವಾಲುತ್ತದೋ ಎಂದು ಬಗ್ಗಿ ನೋಡಿದಳು. ಇಪ್ಪತ್ನಾಲ್ಕು ವರ್ಷ ಜೊತೆಗಿದ್ದ ಯಜಮಾನರಿಗೂ ಅವತ್ತೇ ಗೊತ್ತಾಗಿದ್ದು, ನಾನು ಒಳಕ್ಕೆ ವಾಲುವವಳು ಎಂದು.

"ಒಳ್ಳೇ ಟೈಮಿಗೆ ಬಂದಿದೀರ ಅಕ್ಕ," ಅಂದಳು. "ಶೂ ಯಾವಾಗ್ಲೂ ಸಾಯಂಕಾಲನೇ ತಗೋಬೇಕು. ದಿನವೆಲ್ಲ ನಿಂತು ಕಾಲು ಒಂಚೂರು ಊದಿರುತ್ತೆ. ಓಡಿದಾಗಲೂ ಅಷ್ಟೇ ಊದುತ್ತೆ. ಅದಕ್ಕೆ ಮುಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟು ತಗೊಳ್ಳಿ. ನಿಮ್ ಸೈಜಿಗಿಂತ ಒಂದು ದೊಡ್ಡದು."

ಒಂದು ಬೆರಳು! ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಈ ಮಾತನ್ನು ಅವರು ಕೇಳಬೇಕಿತ್ತು ಎನಿಸಿ ಕಣ್ಣು ತುಂಬಿತು. ಅಂಗಡಿಯವಳು ಶೂ ಬಿಗಿಯಾಯಿತೇನೋ ಎಂದು ಗಾಬರಿಯಾದಳು.

ಮೂರು ಜೊತೆ ಹಾಕಿ ನೋಡಿದೆ. ಒಂದು ತೀರಾ ಮೆತ್ತಗೆ, ಹಾಸಿಗೆಯ ಮೇಲೆ ನಿಂತ ಹಾಗೆ. ಒಂದು ಚೆಂದವಿತ್ತು, ಪಕ್ಕಕ್ಕೆ ಕಚ್ಚುತ್ತಿತ್ತು. ಮೂರನೆಯದನ್ನು ಹಾಕಿಕೊಂಡಾಗ ಕಾಲಿನಲ್ಲಿ ಏನಾದರೂ ಇದೆ ಎನ್ನುವುದೇ ಮರೆತುಹೋಯಿತು. ಬೂದು ಬಣ್ಣ, ಗಿಣಿಹಸಿರು ಲೇಸು. ಅದನ್ನೇ ಕೊಡಿ ಎನ್ನುವ ಮೊದಲು ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿದೆ.

"ಇದನ್ನ ಬೇಗ ಬಿಚ್ಚೋಕಾಗುತ್ತಾಮ್ಮ?"

"ಯಾಕಕ್ಕ?"

"ಓಡೋ ದಾರೀಲಿ ಮಾರಮ್ಮನ ಗುಡಿ ಇದೆ."

ಪುಣ್ಯಾತ್ಗಿತ್ತಿ ನಗಲಿಲ್ಲ. ಸ್ವಲ್ಪ ಹೊತ್ತು ನಿಜವಾಗಿ ಯೋಚಿಸಿದಳು. "ಲೇಸಿಲ್ಲದೆ ಇರೋದೂ ಬರುತ್ತೆ ಅಕ್ಕ. ಆದ್ರೆ ನಿಮಗೆ ಹಿಮ್ಮಡಿ ಗಟ್ಟಿಯಾಗಿ ಹಿಡ್ಕೊಂಡಿರ್ಬೇಕು. ಸುಲಭವಾಗಿ ಬಿಚ್ಚೋ ಹಾಗಿದ್ರೆ ಓಡುವಾಗ್ಲೂ ಬಿಚ್ಕೊಳ್ಳುತ್ತೆ." ಯಜಮಾನರು ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತಿದ್ದರು. ನಾನು ಲೇಸಿನ ಶೂವನ್ನೇ ತಂದೆ.

ಅಲ್ಲಿಂದ ನನ್ನ ಓಟ ಹೀಗೆ ಸಾಗಿತು. ಮನೆಯಿಂದ ಗುಡಿಯವರೆಗೆ ಓಟ. ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿ, ಶೂ ಕೈಯಲ್ಲಿ ಹಿಡಿದು, ಗುಡಿ ದಾಟಿ, ಇನ್ನೊಂದು ಕಲ್ಲಿನ ಮೇಲೆ ಕೂತು, ಸಾಕ್ಸಿಗೆ ಹತ್ತಿದ ಮುಳ್ಳು ಬಿಡಿಸಿ, ಮತ್ತೆ ಲೇಸು ಬಿಗಿದು, ಏರಿಯ ಮೇಲೆ ಓಟ. ವಾಪಸು ಬರುವಾಗ ಇನ್ನೊಂದು ಸಲ. ಯಜಮಾನರು ನನ್ನ ಫೋನಿಗೆ ಓಟ ಅಳೆಯುವ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ನಾನು ನಿಂತಕೂಡಲೇ ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ, ಓಟ ನಿಂತಿದೆ, ಎಂದು ಬೇಸರದ ದನಿಯಲ್ಲಿ ಹೇಳುತ್ತಿದ್ದಳು. ಲೇಸು ಸಡಿಲವಾಗಿ ಕಟ್ಟಿ ನೋಡಿದೆ. ಬಲಗಾಲಿನ ಶೂ ಹಾರಿ ಏರಿಯ ಇಳಿಜಾರಿನಲ್ಲಿ ಉರುಳಿಕೊಂಡು ರಾಗಿ ಹೊಲ ಸೇರಿತು. ರಂಗಪ್ಪ ಮೇಷ್ಟ್ರು ವಾರಕ್ಕೊಮ್ಮೆ ನನ್ನ ಪ್ರಗತಿ ವಿಚಾರಿಸುತ್ತಿದ್ದರು. "ಶೂ ಬಿಚ್ಚಿ ಕಟ್ಟೋದರಲ್ಲಿ ನಿಮಗೆ ಫಸ್ಟ್ ಪ್ರೈಜು ಮೇಡಂ, ಓಟದ್ದು ಆಮೇಲೆ ನೋಡೋಣ," ಎನ್ನುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ಅತ್ತೆಯ ಹತ್ತಿರವೇ ವಾದಕ್ಕಿಳಿದೆ. ಅವರು ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲೆಸುತ್ತಿದ್ದರು.

"ಅತ್ತೆ, ಬೈಕಿನೋರು ಹಾಗೇ ಹೋಗ್ತಾರಲ್ಲ, ಅವ್ರ ಕಾಲಲ್ಲೂ ಚಪ್ಪಲಿ ಇರುತ್ತಲ್ಲ?"

"ಬೈಕ್ ಮ್ಯಾಲೆ ಕುಂತವ್ರ ಕಾಲು ನೆಲದ್ ಮ್ಯಾಲೆ ಇರ್ತದಾ?"

ಗಣಿತದವಳಲ್ಲವೇ, ಸಿಕ್ಕಿತು ಸಂದು ಎಂದುಕೊಂಡೆ. "ಓಡುವಾಗಲೂ ಅಷ್ಟೇ ಅತ್ತೆ. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ಮಧ್ಯೆ ಎರಡು ಕಾಲೂ ಗಾಳೀಲೇ ಇರುತ್ತೆ."

ಅತ್ತೆ ಬೂಸಾದ ಕೈ ಕೊಡವಿದರು. "ಅಂಗಾದ್ರೆ ಗುಡಿ ಮುಂದೆ ಪೂರ್ತಿ ಗಾಳೀಲೇ ಹೋಗು. ನಾನೇನೂ ಅನ್ನಾಕಿಲ್ಲ."

ಅಲ್ಲಿಗೆ ಗಣಿತ ಮುಗಿಯಿತು.

ಮಾಗಿಯ ಮಂಜು ಇಳಿಯುತ್ತಿದ್ದ ಒಂದು ಮಂಗಳವಾರ ನಾನು ಆ ತಪ್ಪು ಮಾಡಿದೆ. ಎದುರಿನ ಕಂಬವೇ ಕಾಣದಷ್ಟು ಮಂಜು. ಉಸಿರು ಎಂದೂ ಇಲ್ಲದಷ್ಟು ಹದವಾಗಿತ್ತು, ಕಾಲು ತಾನಾಗಿಯೇ ಹೋಗುತ್ತಿತ್ತು. ಗುಡಿ ಬಂತು. ಕಲ್ಲು ಕಂಡಿತು. ನಾನು ಕೂರಲಿಲ್ಲ. ತಲೆ ತಗ್ಗಿಸಿಕೊಂಡು, ಬೇರೆಯವರ ಹೊಲದಲ್ಲಿ ಕಡಲೆಗಿಡ ಕೀಳುವವಳ ಹಾಗೆ, ಗುಡಿಯ ಮುಂದೆ ಶೂ ಸಮೇತ ಹಾದುಹೋದೆ. ಹಾದು ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಉಸಿರು ಕೆಟ್ಟಿತು. ಕೋಡಿಯ ಅರ್ಧ ದಾರಿಗೇ ನಿಂತು ತಿರುಗಿ ನಡೆದುಕೊಂಡು ಬಂದೆ. ಬರುವಾಗ ಶೂ ಬಿಚ್ಚಿ, ಎಂದಿಗಿಂತ ಹೆಚ್ಚು ಹೊತ್ತು ಕೈ ಮುಗಿದೆ. ಅವತ್ತು ಕ್ಲಾಸಿನಲ್ಲಿ ಏಳೆಂಟಲ ಐವತ್ನಾಲ್ಕು ಎಂದು ಬೋರ್ಡಿನ ಮೇಲೆ ಬರೆದೆ. ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಐವತ್ತಾರು," ಎಂದು ತಿದ್ದಿದಳು.

ಮಂಜಿನಲ್ಲಿ ಯಾರೂ ನೋಡಿರಲಿಲ್ಲ. ಆದರೆ ಮಂಗಳವಾರದ ಪೂಜೆಗೆಂದು ಹಿಂದಿನ ಸಂಜೆಯೇ ಗುಡಿಯ ಮುಂದೆ ಸಗಣಿ ಹಾಕಿ ಸಾರಿಸಿರುತ್ತಾರೆ ಎನ್ನುವುದು ನನಗೆ ಮರೆತೇಹೋಗಿತ್ತು. ಸಾರಿಸುವವರು ಯಾರು? ನಮ್ಮತ್ತೆಯೇ. ಬೆಳಿಗ್ಗೆ ಏಳಕ್ಕೆ ಹೋಗಿ ರಂಗೋಲಿ ಹಾಕುವವರೂ ಅವರೇ.

ಅವತ್ತು ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕೂತು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆವು. ಕಾಳು ಸಿಪ್ಪೆಯಿಂದ ಜಾರಿ ತಟ್ಟೆಗೆ ಬೀಳುತ್ತಿತ್ತು.

"ಗುಡಿ ಮುಂದೆ ಬೂಟಿನ ಗುರ್ತೈತೆ," ಅಂದರು ಅತ್ತೆ.

"ಹೌದತ್ತೆ. ನಂದೇ."

"ನಿಂದೇ ಅಂತ ಗೊತ್ತು. ಊರ್ನಾಗೆ ಇನ್ಯಾರ್ ಕಾಲಡೀಲಿ ಅಂಗೆ ಜಿಲೇಬಿ ಬಿಟ್ಟೈತೆ?"

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ, ಅದಕ್ಕೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮನೆ ಬಾಗಿಲಿಂದ ಕೋಡಿಗೆ, ಕೋಡಿಯಿಂದ ಮನೆ ಬಾಗಿಲಿಗೆ, ಒಂದು ಸಲವೂ ನಿಲ್ಲದೆ ಎಂದೆ.

"ನಿಲ್ದೆ ಇದ್ರೆ ಏನ್ ಸಿಗ್ತದೆ?"

"ಏನೂ ಸಿಗಲ್ಲ ಅತ್ತೆ. ಯಾವುದಾದ್ರೂ ಒಂದು ಕೆಲಸನ ಶುರುವಿಂದ ಕೊನೆವರೆಗೆ, ಮಧ್ಯೆ ಏಳದೆ ಮಾಡಿ ನೋಡ್ಬೇಕು ಅಂತ. ಒಂದೇ ಒಂದು ಸಲ."

ಅತ್ತೆ ತಟ್ಟೆಯಲ್ಲಿದ್ದ ಕಾಳನ್ನು ಒಂದು ಕಡೆಗೆ ಸರಿಸಿದರು. ಏನೋ ಹೇಳುತ್ತಾರೆ ಎಂದು ಕಾದೆ. "ಒಲೆ ಮ್ಯಾಲೆ ಅನ್ನ ಐತೆ, ನೋಡೋಗು," ಅಂದರು. ನಾನು ಎದ್ದು ಹೋದೆ.

ಬುಧವಾರ, ಗುರುವಾರ ಶಿಸ್ತಾಗಿ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದೆ. ಫೋನಿನ ಹೆಂಗಸು ತನ್ನ ಮಾತು ಹೇಳಿದಳು. ಇಷ್ಟರಲ್ಲೇ ತೃಪ್ತಿಪಟ್ಟುಕೊಳ್ಳೋಣ, ಉಗುರು ಸರಿಯಾಯಿತು, ಬಸ್ಸು ಹತ್ತಿದರೆ ಉಸಿರು ಬರುತ್ತಿದೆ, ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತಿನಲ್ಲಿ ಅರ್ಧದಷ್ಟಾದರೂ ನಿಜವಿತ್ತು.

ಶುಕ್ರವಾರ ಬೆಳಿಗ್ಗೆ ಏಳುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ಶುಕ್ರವಾರವೂ ಗುಡಿಗೆ ರಂಗೋಲಿ ಹಾಕುವ ದಿನವೇ, ಆದರೆ ಅಷ್ಟು ಬೇಗ ಹೋಗುವವರಲ್ಲ. ನಾನು ಓಡುತ್ತಾ ಹೋದಾಗ ಗುಡಿಯ ಮುಂದೆ, ಮಂಜಿನಲ್ಲಿ, ಕಂಬಳಿ ಹೊದ್ದುಕೊಂಡು ನಿಂತಿದ್ದರು. ಬರಿಗಾಲು. ಅವರ ಚಪ್ಪಲಿ ಹತ್ತು ಹೆಜ್ಜೆ ಈಚೆಗೆ ಬೇಲಿಯ ಪಕ್ಕದಲ್ಲಿತ್ತು. ಕಾವಲಿಗೆ ಬಂದಿದ್ದಾರೆ ಎಂದುಕೊಂಡು ನಾನು ಕಲ್ಲಿನ ಮೇಲೆ ಕೂತು ಲೇಸಿಗೆ ಕೈಹಾಕಿದೆ.

"ಯಾಕ್ ಕುಂತ್ಕಂಡೆ?"

"ಶೂ ಬಿಚ್ತೀನಿ ಅತ್ತೆ."

"ಬಿಚ್ಬ್ಯಾಡ. ಬೂಟಿನ್ ವಿಸ್ಯ ನಾನು ಅಮ್ಮನತ್ರ ಮಾತಾಡಿವ್ನಿ."

ಅತ್ತೆ ಗುಡಿಯ ಕಡೆಗೊಮ್ಮೆ ನೋಡಿ, ಅಲ್ಲಿಂದ ಯಾವ ತಕರಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮುಂದುವರಿಸಿದರು.

"ನಾವು ಕೆರೆಯಿಂದ ನೀರು ಹೊರೋವಾಗ ತಲೆ ಮ್ಯಾಲೊಂದು ಸೊಂಟದಾಗೊಂದು ಬಿಂದಿಗೆ. ಅದನ್ನ ಇಳ್ಸಿ, ಮೆಟ್ಟು ಬಿಟ್ಟು, ಕೈ ಮುಗಿಯಾಕಾಯ್ತದಾ? ಬರಿಗೈಲಿ ಬರೋಳು ಎಲ್ಲಾರ ಪಾಲಿಂದೂ ಮುಗಿಯೋಳು. ಅಮ್ಮ ಅವಾಗ ಒಪ್ಕಂಡವ್ಳೆ, ಈಗ್ಲೂ ಒಪ್ಕೋತಾಳೆ. ನಿನ್ ಪಾಲಿಂದು ನಾನ್ ಮುಗಿತೀನಿ, ನೀನು ಹೋಗು."

ಎದ್ದು ಏರಿಯ ಕಡೆಗೆ ಓಡಲು ಹೊರಟವಳನ್ನು ಅತ್ತೆ ಕೂಗಿ ನಿಲ್ಲಿಸಿದರು.

"ಅತ್ಲಾಗೆಲ್ಲಿ ಹೋಯ್ತೀಯ? ಇಲ್ಲಿ ನಿಂತಾಯ್ತಲ್ಲ, ಕೆಟ್ಟೋಯ್ತು. ಮನೆಗೋಗಿ ಬಾಗಿಲಿಂದ ಸುರು ಮಾಡ್ಕಂಡ್ ಬಾ. ನಾನಿಲ್ಲೇ ಇರ್ತೀನಿ."

ಮನೆಗೆ ನಡೆದುಕೊಂಡು ಹೋದೆ. ಹೊಸ್ತಿಲಾಚೆ ನಿಂತು ಲೇಸು ಇನ್ನೊಂದು ಸಲ ಬಿಗಿದು, ಮೊದಲಿನಿಂದ ಓಡಲು ಶುರು ಮಾಡಿದೆ. ಗುಡಿ ಬಂದಾಗ ಅತ್ತೆ ಎರಡು ಕೈ ಜೋಡಿಸಿ ಕಣ್ಣು ಮುಚ್ಚಿ ನಿಂತಿದ್ದರು. ನಾನು ಅವರ ಬೆನ್ನ ಹಿಂದಿನಿಂದ ಹಾದುಹೋದೆ. ಏರಿಯ ಮೇಲೆ ಒಂದೊಂದೇ ಕಂಬ ಮಂಜಿನಿಂದ ಹೊರಗೆ ಬಂದು ಹಿಂದೆ ಸರಿಯಿತು. ಕೆರೆಯಲ್ಲಿ ನೀರುಕೋಳಿಗಳು ಕೂಗುತ್ತಿದ್ದವು. ಯಾರೂ ನನ್ನನ್ನು ಕರೆಯಲಿಲ್ಲ. ಕೋಡಿಯ ಕಲ್ಲು ಮುಟ್ಟಿ ತಿರುಗಿದೆ. ತಿರುಗುವಾಗ ಅಳು ಬಂತು, ಓಡುತ್ತಲೇ ಅತ್ತುಬಿಟ್ಟೆ. ಅಳುತ್ತಾ ಓಡಬಹುದು ಎಂದು ರಂಗಪ್ಪ ಮೇಷ್ಟ್ರು ಹೇಳಿರಲಿಲ್ಲ. ವಾಪಸು ಬರುವಾಗಲೂ ಅತ್ತೆ ಅದೇ ಜಾಗದಲ್ಲಿದ್ದರು. ಗುಡಿ ದಾಟಿದೆ, ಬೀದಿಯಲ್ಲಿ ಕೆದಕುತ್ತಿದ್ದ ಕೋಳಿಗಳನ್ನು ದಾಟಿದೆ, ಮನೆಯ ಬಾಗಿಲು ಮುಟ್ಟಿದೆ.

ಜಗಲಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಅತ್ತೆ ನಿಧಾನವಾಗಿ ನಡೆದು ಬಂದರು. ಒಂದು ಕೈಯಿಂದ ಇನ್ನೊಂದು ತೋಳನ್ನು ನೀವಿಕೊಳ್ಳುತ್ತಿದ್ದರು.

"ನಿಂತ್ಯಾ ಎಲ್ಲಾನಾ?"

"ಇಲ್ಲ ಅತ್ತೆ. ಎಲ್ಲೂ ನಿಲ್ಲಲಿಲ್ಲ."

"ಊಂ," ಎಂದು ನನ್ನ ಪಕ್ಕದಲ್ಲಿ ಕೂತರು. ಇನ್ನೊಂದು ತೋಳನ್ನೂ ನೀವಿಕೊಂಡರು. "ಒಸಿ ಬಿರ್ನೆ ಓಡೋದ್ ಕಲಿ ಕಣಮ್ಮಿ. ನೀನ್ ಹೋಗಿ ಬರೋಗಂಟ ಕೈ ಮುಗ್ದೇ ನಿಂತಿದ್ದೆ. ತೋಳು ಸೋತೋಯ್ತು."